ವೈರಣ್ಣನ ಕೈಗೆಲಸ

"ಹೂಂ, ಈಗ ಸ್ಟಾರ್ಟ್ ಮಾಡು!" ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಇಂಜಿನ್ ಮೇಸ್ತ್ರಿ ಕೂಗಿದ.

ಡ್ರೈವರ್ ಚಾವಿ ತಿರುಗಿಸಿದ. ಶವದ ವ್ಯಾನು ಎರಡು ಸಲ ಕೆಮ್ಮಿ, ಎದ್ದು, ಗಡಗಡ ನಡುಗಿ, ಮತ್ತೆ ಸುಮ್ಮನಾಯಿತು.

ವ್ಯಾನಿನೊಳಗೆ ಹೂವಿನ ನಡುವೆ ವೈರಣ್ಣ ಮಲಗಿದ್ದ. ಆ ಬೀದಿಯ ಗ್ಯಾರೇಜುಗಳಿಗೆ ಬಂದ ಗಾಡಿಗಳ ವೈರಿಂಗ್ ಕೆಲಸವನ್ನೆಲ್ಲ ಮೂವತ್ತೆಂಟು ವರ್ಷ ಮಾಡಿದವನು. ಅವನನ್ನು ಮನೆಯಿಂದ ಹೊತ್ತು ತಂದು ಮಲಗಿಸುವವರೆಗೆ ಎಲ್ಲವೂ ಸುಸೂತ್ರವಾಗಿಯೇ ನಡೆದಿತ್ತು. ಆಮೇಲೆ ವ್ಯಾನು ಹೊರಡಲೊಲ್ಲೆ ಎಂದಿತು.

ಸುತ್ತಲೂ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೆಕ್ಯಾನಿಕ್ಕುಗಳು ನಿಂತಿದ್ದರು. ಸಾವಿನ ಮನೆಗೆಂದು ಉಗುರಿನ ಸಂದಿಯ ಗ್ರೀಸನ್ನೂ ತಿಕ್ಕಿ ತೊಳೆದು ಬಂದವರು. ಬೆಳಗಿನಿಂದ ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡುತ್ತಿದ್ದವರಿಗೆ, ಕೆಟ್ಟ ಗಾಡಿಯೊಂದು ಕಣ್ಣೆದುರು ನಿಂತಮೇಲೆ ಜೀವ ಬಂದಂತಾಗಿತ್ತು.

"ಡೀಸೆಲ್ ಪಂಪು ನೋಡಪ್ಪ" ಎಂದ ರೇಡಿಯೇಟರಿನವನು.

"ನಿಂಗೆ ನೀರು ಬಿಟ್ಟು ಬೇರೇನು ಗೊತ್ತು, ಸುಮ್ನಿರು" ಎಂದ ಟೈರಿನವನು.

"ನಿಂಗೆ ಗಾಳಿ ಬಿಟ್ಟು?"

"ಇಬ್ರೂ ಬಾಯ್ಮುಚ್ಚಿ" ಎಂದು ಮೇಸ್ತ್ರಿ ತಲೆ ಹೊರಗೆ ತೆಗೆದ. "ಇಲಿ ಕಡಿದಿದೆ. ಇಂಜಿನ್ ಹೇಗೆ ಸುತ್ತುತ್ತಿದೆ ಅಂತ ಕಂಪ್ಯೂಟರಿಗೆ ಹೇಳೋ ಸೆನ್ಸರ್ ವೈರು ಇದು. ಎರಡೂ ಎಳೆ ಅರ್ಧ ತಿಂದಿತ್ತು, ಇಲ್ಲಿಗೆ ಬರೋವಷ್ಟರಲ್ಲಿ ಪೂರ್ತಿ ಹರಿದಿದೆ. ನಾನು ಸೇರಿಸಿದೆ, ಆದ್ರೂ ಇಂಜಿನ್ ಓಡ್ತಿಲ್ಲ."

"ಎಂಟು ದಿನ ನಿಂತಿತ್ತು ಮೇಸ್ತ್ರಿ" ಎಂದ ಡ್ರೈವರ್, ತಪ್ಪೆಲ್ಲ ತನ್ನದೇ ಎಂಬಂತೆ. "ಈ ವಾರ ಯಾರೂ ಸತ್ತಿರ್ಲಿಲ್ಲ."

ಸ್ಮಶಾನದಲ್ಲಿ ಹನ್ನೊಂದಕ್ಕೆ ಅವರ ಸರದಿ. ಅದು ತಪ್ಪಿದರೆ ನಾಳೆಯೇ. ಆಗಲೇ ಹತ್ತು ದಾಟಿತ್ತು. ವೈರಣ್ಣನ ಹೆಂಡತಿಯ ತಮ್ಮ ಎಲ್ಲಿಂದಲೋ ಒಂದು ಹಗ್ಗ ತಂದ.

"ಅಕ್ಕಾ, ಟೈರಿನವರ ಜೀಪಿದೆ. ಹಗ್ಗ ಕಟ್ಟಿ ಎಳ್ಕೊಂಡು ಹೋಗೋಣ."

ಅವಳು ಗಂಡನ ತಲೆಯ ಹತ್ತಿರ ಕೂತಿದ್ದಳು. ಹಗ್ಗವನ್ನು ನೋಡಿದಳು.

"ನಿಂತ ಗಾಡಿಗಳನ್ನೆಲ್ಲ ಓಡಿಸಿದ ಮನುಷ್ಯ ಕಣೋ. ಅವರನ್ನ ಹಗ್ಗ ಕಟ್ಟಿ ಎಳೀತೀಯಾ?"

ತಮ್ಮ ಹಗ್ಗವನ್ನು ಬೆನ್ನ ಹಿಂದಕ್ಕೆ ಸರಿಸಿದ. ಅವಳು ಇಳಿದು ಬಂದು ಬಾನೆಟ್ಟಿನೊಳಗೆ ಇಣುಕಿದಳು. ಮೇಸ್ತ್ರಿ ಸೇರಿಸಿದ ವೈರು ಕಂಡಿತು: ಎಳೆಗಳೆರಡೂ ನೆಟ್ಟಗೆ ಪಕ್ಕಪಕ್ಕದಲ್ಲಿ, ಗಂಟುಗಳೆರಡೂ ಒಂದೇ ಜಾಗದಲ್ಲಿ, ಮೇಲೆ ಮುಷ್ಟಿಯಷ್ಟು ದಪ್ಪ ಟೇಪು. ತಪ್ಪೇನೆಂದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಬಾಯಿ ಬಿಟ್ಟರೆ ಗಂಡನಿಗೆ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ಹಗ್ಗವೇ ಗತಿ.

*

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ವೈರಣ್ಣ ಯಾವುದೋ ಕಾರಿನ ಸೆನ್ಸರ್ ವೈರನ್ನು ಎರಡೂ ತುದಿಯಲ್ಲಿ ಕಳಚಿ, ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದ. ಅಡುಗೆಮನೆಯ ಮೇಜಿನ ಮೇಲೆ ಹರಡಿ ಸಿಪ್ಪೆ ಸುಲಿಯಲು ಕೂತ. ಕೈ ನಡುಗಿತು. ವೈರು ಜಾರಿತು. ಮೂರನೆಯ ಸಲಕ್ಕೆ ಹೆಬ್ಬೆರಳು ಕುಯ್ದುಕೊಂಡ. ಏನೂ ಆಗದವನಂತೆ ಎರಡೂ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ಗೋಡೆ ನೋಡತೊಡಗಿದ.

ಅವಳು ಎದುರಿನ ಕುರ್ಚಿ ಎಳೆದು ಕೂತು ಕಟ್ಟರನ್ನು ಎತ್ತಿಕೊಂಡಳು. "ಹೇಗೆ, ಹೇಳಿ."

"ಎರಡು ಗಂಟೂ ಒಂದೇ ಕಡೆ ಬರಬಾರದು. ಒಂದು ಇಲ್ಲಿ, ಇನ್ನೊಂದು ಎರಡು ಬೆರಳು ಆಚೆ. ಆಮೇಲೆ ಎಳೆ ಎರಡನ್ನೂ ಮೊದಲಿದ್ದ ಹಾಗೇ ಹೊಸೀಬೇಕು, ಗೇಣಿಗೆ ಎಂಟು ಸುತ್ತು. ನೆಟ್ಟಗೆ ಬಿಟ್ರೆ ಅಕ್ಕಪಕ್ಕದ ವೈರಿನ ಗಲಾಟೆಯೆಲ್ಲ ಇದರೊಳಗೆ ನುಗ್ಗುತ್ತೆ. ಕಂಪ್ಯೂಟರಿಗೆ ತಲೆ ಕೆಡುತ್ತೆ."

"ನಿಮ್ಮಕ್ಕ ಬಂದಾಗ ನಂಗೆ ಕೆಡೋ ಹಾಗೆ."

ಅವನು ನಕ್ಕ. ನಕ್ಕು ಮುಗಿದಮೇಲೆ ಮೆಲ್ಲಗೆ ಹೇಳಿದ: "ಯಾರಿಗೂ ಹೇಳ್ಬೇಡ ಕಣೆ. ಕೈ ಹೋಯ್ತು ಅಂತ ಗೊತ್ತಾದ್ರೆ ನನ್ನನ್ನ ಕೂರಿಸಿ ಮರ್ಯಾದೆ ಮಾಡ್ತಾರೆ ಅಷ್ಟೆ. ಕೆಲಸ ಕೊಡಲ್ಲ."

"ನಾನ್ಯಾರಿಗೆ ಹೇಳ್ಲಿ, ಬಿಡಿ."

ಅಂದಿನಿಂದ ಅದೇ ಪದ್ಧತಿಯಾಯಿತು. ಅವಳು ಹೊಸೆಯುವಳು, ಅವನು ಕಣ್ಣು ಮುಚ್ಚಿ ಸುತ್ತು ಎಣಿಸುವನು, ದೇವರ ನಾಮ ಎಣಿಸುವವರ ಹಾಗೆ. ಆ ಹೊತ್ತಿನಲ್ಲಿ ಮನೆಯೊಳಗೆ ಎಂಥದೋ ಶಾಂತಿ ಇರುತ್ತಿತ್ತು. ಬೀದಿಯವರು ಕೆಲಸವನ್ನು ಹೊಗಳಿದ ದಿನ, ಒಂದು ಅಕ್ಷರವನ್ನೂ ಬಿಡದೆ ತಂದು ಅವಳಿಗೆ ಒಪ್ಪಿಸುವನು. "ತಗೋ, ಇದು ನಿಂದು. ನಾನಿಟ್ಕೊಂಡ್ರೆ ಮೇಲಿನವನು ಕೇಳ್ತಾನೆ."

*

"ಮೇಸ್ತ್ರಿ, ಆ ವೈರು ಎರಡೂ ಕಡೆ ಕಳಚಿ ಒಳಗೆ ತನ್ನಿ. ನೀವೊಬ್ರೇ ಬನ್ನಿ."

ಅಡುಗೆಮನೆಯಲ್ಲಿ ಅವಳು ಚಮಚಗಳ ಹಿಂದಿನಿಂದ ಕಟ್ಟರು, ಬೆಸುಗೆ ಕಡ್ಡಿ ತೆಗೆದಳು. ಕೆಟ್ಟ ಭಾಗ ಕತ್ತರಿಸಿದಳು. ಹೊಸ ತುಂಡು ಸೇರಿಸಿ, ಗಂಟನ್ನು ಒಂದು ಇಲ್ಲಿ, ಒಂದು ಎರಡು ಬೆರಳು ಆಚೆ ಬೆಸೆದಳು. ಮೇಸ್ತ್ರಿ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಹೊಸೆಯತೊಡಗಿದಾಗ ತುಟಿಯಲ್ಲೇ ಎಣಿಸಿಕೊಂಡಳು. ಆರು, ಏಳು. ಅಲ್ಲಿಗೆ ಎಣಿಕೆ ನಿಂತಿತು. ಇಷ್ಟು ದಿನ ಎಣಿಸಿದ್ದು ಅವಳಲ್ಲವಲ್ಲ.

"ಎಂಟು" ಎಂದ ಮೇಸ್ತ್ರಿ.

ಅವಳು ತಲೆಯೆತ್ತಲಿಲ್ಲ. ಅವನು ಹದಿನಾರರವರೆಗೂ ಎಣಿಸಿದ.

"ನೀವೇ ಮಾಡಿದ್ದು ಅಂತ ಹೇಳಿ ಹೊರಗೆ" ಎಂದಳು.

"ಯಾರು ನಂಬ್ತಾರೆ ಅತ್ತಿಗೆ? ನನ್ನ ಕೈಗುಣ ಈಗಷ್ಟೆ ಎಲ್ಲರೂ ನೋಡಿದ್ರು." ಅವನು ಬೆಸೆದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ. "ನಮಗೆ ಗೊತ್ತು ಅತ್ತಿಗೆ. ವೈರಣ್ಣ ಟೀ ಲೋಟ ಮೇಜಿನ ಮೇಲಿಟ್ಟೇ ಬಗ್ಗಿ ಕುಡೀತಿದ್ದ. ಅಂಥವನ ಕೈಲಿ ಇಂಥ ನಾಜೂಕು ಗಂಟು ಬೀಳುತ್ತಾ?"

"ಎಲ್ಲರಿಗೂ ಗೊತ್ತಾ?"

"ಟೈರಿನವನಿಗೂ ಗೊತ್ತು ಅಂದ್ಮೇಲೆ ನೋಡಿ."

"ಅವರ ಹತ್ರ ಯಾವತ್ತಾದ್ರೂ..."

"ಛೆ! ಅಂದಿದ್ರೆ ಅವನು ಆಮೇಲೆ ವೈರು ಮನೆಗೆ ತರ್ತಿದ್ನಾ? ನಮ್ಮ ಗಾಡಿಗಳ ಗತಿ?"

ಅವಳಿಗೆ ನಗು ಬಂತು. ಸತ್ತ ಮನೆಯಲ್ಲಿ ನಗುವುದೆಂತು ಎಂದು ಸೆರಗು ಬಾಯಿಗೊತ್ತಿದಳು. ಆಗ ಅಳುವೂ ಬಂತು.

ಮೇಸ್ತ್ರಿ ವೈರನ್ನು ಎರಡೂ ಅಂಗೈಯಲ್ಲಿ ಹಿಡಿದು ಹೊರಗೆ ತಂದ.

"ಇಷ್ಟು ಬೇಗ ಯಾರು ಮಾಡಿದ್ದು?" ಎಂದ ಡ್ರೈವರ್. ಅವನು ಬೇರೆ ಕಡೆಯವನು.

"ವೈರಣ್ಣಂದೇ. ಮನೇಲಿ ಒಂದು ಮಾಡಿಟ್ಟಿದ್ದ."

ಟೈರಿನವನು ಬಗ್ಗಿ ನೋಡಿದ. ರೇಡಿಯೇಟರಿನವನೂ ನೋಡಿದ. "ಹೌದೌದು. ಅಣ್ಣನ ಕೈ ನೋಡಿದ ಕೂಡ್ಲೇ ಗೊತ್ತಾಗುತ್ತೆ." ಯಾರೂ ಬಾಗಿಲ ಕಡೆ ತಿರುಗಲಿಲ್ಲ.

ಮೊದಲ ಚಾವಿಗೇ ವ್ಯಾನು ಎದ್ದಿತು.

ಅವಳು ಹತ್ತಿ ಗಂಡನ ಪಕ್ಕ ಕೂತಳು. ವ್ಯಾನು ನಡಿಗೆಯ ವೇಗದಲ್ಲಿ ಹೊರಟಿತು. ಹಿಂದಿನ ಗಾಜಿನಿಂದ ನೋಡಿದಾಗ ಬೀದಿಯ ಅಗಲಕ್ಕೂ ಅವರೆಲ್ಲ ನಡೆದು ಬರುತ್ತಿದ್ದರು. ಎಲ್ಲರ ತಲೆಯೂ ಬಗ್ಗಿತ್ತು, ಒಂದೇ ಕಡೆಗೆ ಒಂಚೂರು ವಾಲಿ, ಕಿವಿ ವ್ಯಾನಿನತ್ತ. ಏರಿನ ತಿರುವಿನಲ್ಲಿ ಡ್ರೈವರ್ ಗೇರು ಬದಲಿಸಿದ. ಅಷ್ಟೂ ಜನರ ಕಾಲು ಒಟ್ಟಿಗೆ ನಿಂತವು. ಇಂಜಿನ್ ಒಂದು ಕ್ಷಣ ತಗ್ಗಿ, ಉಸಿರೆಳೆದುಕೊಂಡು, ಏರನ್ನು ಹತ್ತಿತು. ಅವರು ಮತ್ತೆ ನಡೆದರು.