ಹಾರಿಸದೆ ಹಾರಿದ ಕಾಗೆ

ಗೋಡೆಗೆ ಬಣ್ಣ ಬಳಿಯುವ ಅವನಿಗೆ ಬೀದಿಯವರು ಇಟ್ಟ ಹೆಸರು ಕಾಗೆರಾಯ. ಮೈಬಣ್ಣ ನೋಡಿ ಅಲ್ಲ, ಮಾತು ಕೇಳಿ. ‘ನಾಳೆ ಬಂದು ಎರಡನೇ ಕೋಟು ಹೊಡೀತೀನಿ’ ಎಂದು ಅವನು ಕಾಗೆ ಹಾರಿಸಿದರೆ, ಆ ನಾಳೆ ಯಾವ ಕ್ಯಾಲೆಂಡರಿನಲ್ಲೂ ಸಿಗುತ್ತಿರಲಿಲ್ಲ. ಕೊನೆಗೆ ಹೆಂಡತಿ ದೇವರ ಗೂಡಿನ ಮುಂದೆ ನಿಲ್ಲಿಸಿ ಆಣೆ ಹಾಕಿಸಿದಳು. “ಇನ್ನೊಂದು ಕಾಗೆ ಹಾರಿಸಿದ್ರೆ, ನಾನು ತಂಗಿ ಮನೆಗೆ ಹೊರಟೆ ಅಂತಲೇ ತಿಳ್ಕೊಳ್ಳಿ.”

ಮರುದಿನ ಬೆಳಿಗ್ಗೆ ಹಾಲು ತರಲು ಹೋದವನಿಗೆ ನೀರಿನ ಟ್ಯಾಂಕಿನ ಮೇಲೆ ಬೆಳ್ಳನೆಯ ಹಕ್ಕಿಯೊಂದು ಕಂಡಿತು. ಕೊಕ್ಕರೆ ಇರಬೇಕು ಅಂದುಕೊಂಡ. ಅದು ಬಾಯಿ ತೆರೆದು ‘ಕಾ’ ಎಂದಿತು! ಕಣ್ಣು ಕಪ್ಪು, ಬಾಲದಲ್ಲಿ ಒಂದೇ ಒಂದು ಕರಿ ಗರಿ. ಉಳಿದ ಮೈಯೆಲ್ಲ ಬರೀ ಬಿಳಿ ಪ್ರೈಮರ್ ಹೊಡೆದು ಬಿಟ್ಟ ಗೋಡೆ. ಜೊತೆಗಿದ್ದ ಕರಿ ಕಾಗೆಗಳು ಸರಿದು ಅದಕ್ಕೆ ಜಾಗ ಕೊಟ್ಟು, ತಮ್ಮ ಪಾಡಿಗೆ ಗರಿ ಕೆದರಿಕೊಳ್ಳುತ್ತಿದ್ದವು. ಭಗವಂತನ ಡಬ್ಬಿಯಲ್ಲೂ ಒಮ್ಮೊಮ್ಮೆ ಕರಿಬಣ್ಣ ಮುಗಿಯುತ್ತದೆ, ಆದರೂ ಅವನು ಕೆಲಸ ನಾಳೆಗೆ ಹಾಕುವುದಿಲ್ಲ ಎಂದುಕೊಂಡು, ಹಾಲಿನ ಪೊಟ್ಟಣ ಹಿಡಿದೇ ಕೈಮುಗಿದ. ಹಕ್ಕಿ ಹಾರಿಹೋದ ಮೇಲೆ ಆಣೆ ನೆನಪಾಯಿತು. ತಡವಾದದ್ದು ಬಿಳಿ ಕಾಗೆಯಿಂದ ಅಂದರೆ ಕಥೆ ಮುಗಿಯಿತು!

“ಯಾಕಿಷ್ಟು ಹೊತ್ತು?” ಎಂದಳು ಹೆಂಡತಿ.

“ಅಂಗಡೀಲಿ ಜನವೋ ಜನ.”

“ದಾರೀಲಿ ಏನೂ ಕಾಣಲಿಲ್ವಾ? ಟ್ಯಾಂಕಿನ ಮೇಲೆ?”

“ಟ್ಯಾಂಕಿನ ಮೇಲೆ ಏನಿರುತ್ತೆ? ಮುಚ್ಚಳ.”

ಅವಳ ಮುಖ ಬಾಡಿತು. “ಹಾಗಾದ್ರೆ ನನ್ನ ಕಣ್ಣೇ ಕೆಟ್ಟಿದೆ. ಬಟ್ಟೆ ಒಣಗ್ಹಾಕೋವಾಗ ಬಿಳೀ ಕಾಗೆ ನೋಡ್ದೆ. ಪಕ್ಕದ ಮನೆ ಅಕ್ಕನಿಗೆ ಹೇಳಿದ್ರೆ, ‘ಗಂಡನ ರೋಗ ನಿನಗೂ ಅಂಟ್ತಾ?’ ಅಂತ ನಕ್ಕುಬಿಟ್ರು. ಒಂದು ದಿನಾನೂ ಸುಳ್ಳಾಡಿದವಳಲ್ಲ ನಾನು.”

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಕಾಗೆರಾಯ ದೇವರ ಗೂಡಿನ ಕಡೆ ನೋಡಿದ. ಅಲ್ಲಿಂದ ಸಹಾಯವೇನೂ ಬರುವಂತೆ ಕಾಣಲಿಲ್ಲ.

“ಅಂಗಡೀಲಿ ಜನ ಇರಲಿಲ್ಲ ಕಣೇ. ನಾನೂ ಅದನ್ನೇ ನೋಡ್ತಾ ನಿಂತಿದ್ದೆ. ಬಾಲದಲ್ಲಿ ಒಂದು ಕರಿ ಗರಿ ಇತ್ತು...”

“ಎಡಗಡೆ!”

“ಹೂಂ, ಎಡಗಡೆ.”

ಅವಳ ಮುಖ ಮೊರದಗಲ ಅರಳಿತು. ಮರುಕ್ಷಣವೇ ಹುಬ್ಬು ಗಂಟಾಯಿತು. “ಅಂದ್ರೆ ಆಣೆ ಮುರಿದ್ರಿ.”

“ಮುರಿದೆ.”

“ಮತ್ತೆ ನಾನು ತಂಗಿ ಮನೆಗೆ ಹೋಗ್ಲೇಬೇಕಲ್ಲ.”

ಅವನು ತಲೆ ತಗ್ಗಿಸಿದ. ಅವಳು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಿಂತಳು.

“ನೀವೂ ಹೊರಡಿ. ಅವಳಿಗೆ ಇದನ್ನ ಹೇಳ್ದೆ ಹೇಗಿರ್ಲಿ? ಆದ್ರೆ ಹೇಳೋದು ನಾನು. ನೀವು ಬಾಯಿ ಬಿಟ್ರೆ, ಇದ್ದ ಕಾಗೇನೂ ಹಾರಿಹೋಗುತ್ತೆ.”