ಚೀಲ ಹಿಡಿದು ಹೋದ ಆರು ವಾರ

ಆರೈಕೆ ಸಂಸ್ಥೆಯ ಮೇಲ್ವಿಚಾರಕಿ ಚಪ್ಪಲಿ ಬಿಟ್ಟು ಹೊಸ್ತಿಲು ದಾಟುವಷ್ಟರಲ್ಲಿ ದೊಡ್ಡಮ್ಮನ ಮಗಳು ಅವಳ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

ನಡುಮನೆಯಲ್ಲಿ ದೊಡ್ಡಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ಹತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡಿದವಳು. ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದೇ. ನಿನ್ನೆ ಬಸ್ ನಿಲ್ದಾಣದಲ್ಲಿ ಕುಸಿದವಳು ಮತ್ತೆ ಏಳಲಿಲ್ಲ.

"ಅಮ್ಮನ ಕಪಾಟಲ್ಲಿ ನಿಮ್ಮ ಕಾಗದ ಸಿಕ್ತು." ಮಗಳು ದನಿ ಏರಿಸಲಿಲ್ಲ. "ಒಬ್ಬಳೇ ಕೆಲಸಕ್ಕೆ ಹೋಗೋಕೆ ಯೋಗ್ಯಳಲ್ಲ ಅಂತ ಬರ್ದಿದ್ದೀರಿ, ಆರು ವಾರದ ಹಿಂದೆ. ನಿನ್ನೆವರೆಗೂ ಕೆಲಸದ ಚೀಲ ಹಿಡ್ಕೊಂಡು ಹೋಗ್ತಿದ್ಲಲ್ಲ, ಎಲ್ಲಿಗೆ?"

ಮೇಲ್ವಿಚಾರಕಿ ಗೊತ್ತಿಲ್ಲವೆಂದಳು.

*

ವರ್ಷಕ್ಕೊಮ್ಮೆ ಸಹಾಯಕಿಯರೆಲ್ಲರ ಕೆಲಸವನ್ನು ಪರೀಕ್ಷಿಸುವುದು ಸಂಸ್ಥೆಯ ನಿಯಮ. ಆರು ವಾರದ ಹಿಂದೆ ದೊಡ್ಡಮ್ಮನನ್ನು ಪರೀಕ್ಷಿಸಿದವಳು ಮೇಲ್ವಿಚಾರಕಿಯೇ. ರೋಗಿಯ ಮಗ್ಗುಲು ಬದಲಿಸುವುದರಲ್ಲಿ ದೊಡ್ಡಮ್ಮನನ್ನು ಮೀರಿಸುವವರಿರಲಿಲ್ಲ. ಮಾತ್ರೆಯ ಸರದಿ ಬಂದಾಗ ಚೀಟಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಅರ್ಧ ಕೊಡಬೇಕಾದಲ್ಲಿ ಎರಡು ಎತ್ತಿಟ್ಟಳು. ಮತ್ತೊಮ್ಮೆ ಮಾಡಿಸಿದರೂ ಅದೇ ತಪ್ಪು.

"ನಿಂಗೆ ಕೆಲಸ ಕಲಿಸಿದೋಳು ನಾನು ಕಣೇ," ಎಂದಳು ದೊಡ್ಡಮ್ಮ.

"ಅದಕ್ಕೇ ಸುಳ್ಳು ಬರೆಯೋಕೆ ಕೈ ಬರ್ತಿಲ್ಲ ದೊಡ್ಡಮ್ಮ. ಮೊದಲು ಕಣ್ಣು ತೋರಿಸ್ಕೊಂಡು ಬಾ."

ದೊಡ್ಡಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿಕೊಂಡು ತಿರುಗಿ ನೋಡದೆ ಹೋದಳು. ಆಮೇಲೆ ಮೇಲ್ವಿಚಾರಕಿ ಮಾಡಿದ ಫೋನ್ ಕೂಡ ಎತ್ತಲಿಲ್ಲ.

*

ಅಡುಗೆಮನೆಯ ಬಾಗಿಲು ತಳ್ಳಿಕೊಂಡು ನಡುವಯಸ್ಸಿನವನೊಬ್ಬ ಒಳಗೆ ಬಂದ. ಪಾರ್ಶ್ವವಾಯು ಬಡಿದ ಅವನ ತಾಯಿಯೇ ದೊಡ್ಡಮ್ಮನ ಕೊನೆಯ ರೋಗಿ. ಆ ತಾಯಿ ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಮಗಳ ಪ್ರಶ್ನೆ ಅವನ ಕಿವಿಗೂ ಬಿದ್ದಿತ್ತು.

"ನಮ್ಮನೆಗೇ ಬರ್ತಿದ್ರು, ಸಂಸ್ಥೆಗೆ ಹೇಳದೆ," ಎಂದ. "ಬೇರೆಯವರು ತಿನ್ನಿಸಿದ್ರೆ ಅಮ್ಮ ಬಾಯೇ ತೆರೆಯಲ್ಲ. ಆದ್ರೆ ಮಾತ್ರೆ ಡಬ್ಬಿ ಮಾತ್ರ ಮುಟ್ತಿರ್ಲಿಲ್ಲ. 'ನೀನೇ ಓದಿ ಕೊಡಪ್ಪ, ನನ್ನ ಬಗ್ಗೆ ಆ ಮೇಲ್ವಿಚಾರಕಿ ಹುಡುಗಿ ಬರೆದದ್ದು ಸರಿಯಾಗೇ ಇದೆ' ಅಂತಿದ್ರು. ನಿನ್ನೆ ಕಣ್ಣಾಸ್ಪತ್ರೆಗೆ ಅಂತ ಬೇಗ ಹೊರಟಿದ್ರು."

ಮಗಳು ಬೈದಿದ್ದರೆ ಮೇಲ್ವಿಚಾರಕಿಗೆ ಹಗುರವಾಗುತ್ತಿತ್ತು. ಮಗಳು ಒಲೆ ಆರಿಸಿ, ಕಾದ ನೀರನ್ನು ಬಕೆಟ್ಟಿಗೆ ಸುರಿದಳು.

"ನಂಗೊಂದು ಮಾತು ಹೇಳಬಹುದಿತ್ತು ಅವಳು," ಎಂದು ನೀರಿಗೇ ಹೇಳುವಂತೆ ಹೇಳಿದಳು. ಮತ್ತೆ ತಲೆಯೆತ್ತದೆಯೇ, "ಮೈ ಒರೆಸಬೇಕು. ನಂಗೊಬ್ಬಳಿಗೇ ಆಗಲ್ಲ, ಬನ್ನಿ," ಎಂದಳು.

ಎಲ್ಲರನ್ನೂ ಹೊರಗೆ ಕಳಿಸಿ ನಡುಮನೆಯ ಬಾಗಿಲು ಹಾಕಿದರು. ಮಗಳು ಹೊದಿಕೆ ಸರಿಸಿದಳು. ಮೇಲ್ವಿಚಾರಕಿ ದೊಡ್ಡಮ್ಮನ ಪಕ್ಕ ಮಂಡಿಯೂರಿ, ತೋಳಿನ ಬಟ್ಟೆ ಮೇಲೆ ಮಡಚಿ, ಅವಳೇ ಕಲಿಸಿದಂತೆ ಬಕೆಟ್ಟಿನಲ್ಲಿ ಮೊಣಕೈ ಅದ್ದಿ ನೋಡಿದಳು. ಬಿಸಿ ಹೆಚ್ಚಾಗಿತ್ತು. ಎದ್ದು ಹೋಗಿ ಒಂದು ಚೊಂಬು ತಣ್ಣೀರು ತಂದು ಬೆರೆಸಿ, ಇನ್ನೊಮ್ಮೆ ಅದ್ದಿ ನೋಡಿದಳು.