ನೆಟ್ಟಗೆ ಎರಡು ಕೈ

ಕಂಬಿ ಕಾದಿದೆ, ಕಾಸರಗೋಡಿನ ಈ ಮೈದಾನಕ್ಕೆ ಬೆಳಿಗ್ಗೆ ಹತ್ತಕ್ಕೇ ಇಷ್ಟು ಬಿಸಿಲು, ಇರಲಿ, ತೆಂಗಿನ ಮರಕ್ಕಿಂತ ಇದು ನುಣುಪು, ಹಿಡಿಯಲು ಸುಖ, ಹನ್ನೆರಡನೇ ವಯಸ್ಸಿನಿಂದ ಕಾಯಿ ಕೀಳಲು ಹತ್ತುವ ನನ್ನನ್ನು ಮೊಗ್ರಾಲಿನ ಯಾವ ಮರ ತಾನೇ ಹೊರಲಿಲ್ಲ, ನನಗಿಂತ ಮೊದಲು ಬಂದ ಹೈಸ್ಕೂಲು ಓದಿದವರು ಆರನೇ ಸಲಕ್ಕೇ ಏದುಸಿರು ಬಿಟ್ಟು ಇಳಿದರು, ಪೊಲೀಸಿಗೆ ಸೇರಲು ಕಂಬಿಗೆ ನೇತಾಡಿ ಹತ್ತು ಸಲ ಮೈ ಮೇಲೆಳೆಯಬೇಕು, ಹತ್ತು ಒಂದು ದೊಡ್ಡ ಸಂಗತಿಯೇ, ಎಳೆದೆ, ಗದ್ದ ಕಂಬಿಯ ಮೇಲೆ, ಇಳಿದೆ, ಮತ್ತೆ ಎಳೆದೆ — ನಾಲ್ಕಾಯಿತು, ಹವಾಲ್ದಾರರು ಮಾತ್ರ ಎಣಿಸಲೇ ಇಲ್ಲ, ಆಮೇಲೆ ಹೇಳಿದರು, ಪುರಂದರ, ಒಂದೂ ಆಗ್ಲಿಲ್ಲ, ಕೆಳಗೆ ಬರುವಾಗ ಕೈ ಪೂರ್ತಿ ನೆಟ್ಟಗೆ ಆಗ್ಬೇಕು, ನೀನೆಂತ ಅರ್ಧದಿಂದಲೇ ವಾಪಾಸು ಹೋಗುದು, ಈಗಿಂದ ಲೆಕ್ಕ.

ನೆಟ್ಟಗೆ. ಮರದ ಮೇಲೆ ಕೈ ನೆಟ್ಟಗೆ ಮಾಡುವವನು ಮಧ್ಯಾಹ್ನದ ಗಂಜಿಗೆ ಮನೆಗೆ ಬರುವುದಿಲ್ಲ, ಅಪ್ಪನೇ ಕಲಿಸಿದ್ದು, ಮೊಣಕೈ ಮಡಚಿಯೇ ಇರಲಿ ಮಗ, ಎದೆ ಮರಕ್ಕೆ ತಾಗಿರಲಿ, ಅಂಥ ಅಪ್ಪ ಒಂದು ಮಳೆಗಾಲದಲ್ಲಿ ಕಾಲಿನ ಹಗ್ಗ ತುಂಡಾಗಿ ತೆಂಗಿನ ಗರಿಯ ಮಡಲು ಹಿಡಿದು ನೇತಾಡಿದ, ಎರಡು ಕೈ, ನೆಟ್ಟಗೆ, ಕೆಳಗೆ ಅಮ್ಮ, ಪಕ್ಕದಲ್ಲಿ ನಾನು — ಬೇಡ, ಈಗ ಬೇಡ, ಈಗ ಅಕ್ಕು, ನನ್ನ ಹೆಂಡತಿ, ಮದುವೆಯಾಗಿ ಬಂದ ವಾರವೇ ಹೇಳಿದಳು, ಅತ್ತೆಯ ಹಾಗೆ ಮರದ ಬುಡದಲ್ಲಿ ನಿಂತು ನೋಡ್ಲಿಕ್ಕೆ ನನ್ನಿಂದಾಗುದಿಲ್ಲ, ನೀವು ಬೇರೆ ಕೆಲಸ ನೋಡಿ, ನೋಡಿದೆ ಅಕ್ಕು, ಖಾಕಿ ಹಾಕಿಕೊಂಡೇ ಮನೆಗೆ ಬರುತ್ತೇನೆ.

ಇಗ್ನೇಶಿಯಸ್ ಹೇಳಿದ್ದ, ಯುದ್ಧ ಮುಗಿಸಿ ಬಂದ ಸಿಪಾಯಿ, ನೆರೆಮನೆಯವನು, ಕೈ ಬರೀ ಕೊಕ್ಕೆ ಮಾರಾಯ, ಎಳೆಯುದು ಬೆನ್ನು, ಪೂರ್ತಿ ನೇತಾಡು, ಹೆಗಲಿನ ಹಿಂದೆ ಎರಡು ಎಲುಬು ಉಂಟಲ್ಲ, ಅದನ್ನು ಮೊದಲು ಕೆಳಗೆ ತಾ, ಮತ್ತೆ ಮೊಣಕೈಯನ್ನು ಪಕ್ಕೆಗೆ ತಾ, ನಾನು ನಕ್ಕಿದ್ದೆ, ಹತ್ತುವವನಿಗೆ ಹತ್ತಲು ಕಲಿಸುತ್ತಾನೆ ಇವನು ಎಂದು, ಈಗ ನೋಡೋಣ, ಬಿಡುತ್ತೇನೆ, ಮೊಣಕೈ ಬಿಚ್ಚಿಕೊಳ್ಳುತ್ತದೆ, ಮಡಲು, ಎರಡು ಕೈ — ಇಲ್ಲ, ಎಲುಬು ಕೆಳಗೆ, ಬೆನ್ನು ತೆರೆದು ಮುಚ್ಚಿಕೊಂಡಿತು, ಅರೆ, ಎಷ್ಟು ಹಗುರ, ಒಂದು ಎಂದರು ಹವಾಲ್ದಾರರು, ಎರಡು, ಇಷ್ಟು ವರ್ಷ ಅರ್ಧ ಬೆನ್ನಿನಲ್ಲೇ ದುಡಿದೆನಲ್ಲ, ಐದು, ಆರು, ತೀರಾ ಕೆಳಗಿನಿಂದಲೂ ಮೇಲೆ ಬರಲು ಆಗುತ್ತದೆ, ನೆಟ್ಟಗಾದ ಮೇಲೂ ಆಗುತ್ತದೆ, ಎಂಟು, ಹಾಗಾದರೆ ಅಪ್ಪ, ನಿನಗೂ ಆಗುತ್ತಿತ್ತು, ನನಗಿಂತ ದೊಡ್ಡ ಬೆನ್ನು ನಿನ್ನದು, ಮಡಚಿದ ಕೈ ಮಾತ್ರ ಗೊತ್ತಿತ್ತು ನಿನಗೆ, ನೆಟ್ಟಗಾದ ಕೂಡಲೇ ಮುಗಿಯಿತೆಂದು ಕೈ ಬಿಟ್ಟೆ ನೀನು, ಯಾರೂ ಹೇಳಲಿಲ್ಲ, ಒಂಬತ್ತು, ಯಾರೂ ನಿನಗೆ ಹೇಳಲಿಲ್ಲ ಅಪ್ಪ, ಹತ್ತು, ಆಯ್ತು ಮಾರಾಯ, ಪಾಸು, ಇನ್ನು ಕೈ ಬಿಡು, ಹವಾಲ್ದಾರರು ನಗುತ್ತಿದ್ದಾರೆ, ನೆಲ ಎರಡೇ ಅಡಿ ಕೆಳಗಿದೆ, ಕೈ ಬಿಡು ಅಂದೆ ಅಲ್ವಾ — ಬಿಡುವುದಿಲ್ಲ — ಮಡಲು, ಎರಡು ಕೈ, ನೆಟ್ಟಗೆ